ಚೌಕಳಿಗೆ ಕಾಯ್ದೆ ಇದೆ, ಹೊಲಿಯುವ ಕೈಗೆ ಏನಿದೆ?

ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟದಿಂದ ಮೊಣಕಾಲಿನವರೆಗೆ ಉಡುವ, ಹಿಂದುಗಡೆ ನೆರಿಗೆ ಇರುವ ಚೌಕಳಿ ಬಟ್ಟೆಯ ಉಡುಪು. ಕೈಯಲ್ಲಿ ಹೊಲಿದ ಕಿಲ್ಟ್ ಸಿಕ್ಕಿದರೆ ಮೊದಲು ಅದರ ಕೆಳಗಿನ ಅಂಚು ನೋಡಿ. ಅಲ್ಲಿ ಮಡಚಿ ಹೊಲಿದ ಗುರುತು ಇರುವುದಿಲ್ಲ. ನಮ್ಮ ಸೀರೆಯ ಹಾಗೆ, ಮಗ್ಗದಿಂದ ಇಳಿದ ಬಟ್ಟೆಯ ಅಂಚೇ ಕಿಲ್ಟಿನ ಅಂಚು. ಅಂದರೆ ಉದ್ದ ಜಾಸ್ತಿಯಾಯಿತು ಅಂತ ಆಮೇಲೆ ಕೆಳಗಿನಿಂದ ಕತ್ತರಿಸುವ ಹಾಗಿಲ್ಲ. ಮೊಣಕಾಲಿನ ನಡುವಿಗೆ ಅಂಚು ಸರಿಯಾಗಿ ಬರಬೇಕಾದರೆ ಅಳತೆ ಮೊದಲೇ ಕರಾರುವಾಕ್ಕಾಗಿ ತೆಗೆದಿರಬೇಕು. ಹೆಚ್ಚುವರಿ ಬಟ್ಟೆ ಏನಿದ್ದರೂ ಸೊಂಟದ ಕಡೆಯಿಂದ ಹೋಗಬೇಕು.

ಇಂಥ ಸಣ್ಣ ಸಂಗತಿಗಳೇ ಸೇರಿ ಈ ಕಸುಬಾಗಿದೆ. ಸ್ಕಾಟ್ಲೆಂಡಿನ ಗುರುತು ಅಂದ ತಕ್ಷಣ ಜಗತ್ತಿಗೆಲ್ಲ ನೆನಪಾಗುವ ಉಡುಪು ಇದು. ಆದರೆ ಬ್ರಿಟನ್ನಿನ ಕರಕುಶಲ ಕಲೆಗಳ ಪರವಾಗಿ ಕೆಲಸ ಮಾಡುವ 'ಹೆರಿಟೇಜ್ ಕ್ರಾಫ್ಟ್ಸ್' ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಕಿಲ್ಟ್ ಹೊಲಿಗೆಯೂ ಇದೆ. ಅಳಿವಿನಂಚಿನಲ್ಲಿರುವ ಕಸುಬುಗಳನ್ನು ಗುರುತಿಸಲು ಈ ಪಟ್ಟಿಯನ್ನು ಮೊದಲು ಹೊರತಂದದ್ದು 2017ರಲ್ಲಿ. ಕಿಲ್ಟ್ ಉಡುವವರು ಕಮ್ಮಿಯಾಗಿಲ್ಲ. ಮದುವೆಗಳಲ್ಲಿ, ಪದವಿ ಪ್ರದಾನದಲ್ಲಿ, ಫುಟ್‌ಬಾಲ್ ಪಂದ್ಯಗಳಲ್ಲಿ ಎಲ್ಲೆಲ್ಲೂ ಕಿಲ್ಟ್ ಕಾಣುತ್ತದೆ. ಹಾಗಿದ್ದೂ ಹೊಲಿಯುವವರು ಕಮ್ಮಿಯಾಗುತ್ತಿದ್ದಾರೆ. ಇದು ಹೇಗೆ?

ಉತ್ತರಕ್ಕೆ ಮೊದಲು ಕೆಲಸ ಎಂಥದು ಅಂತ ನೋಡಬೇಕು. ವಯಸ್ಕ ಗಂಡಸಿನ ಸಾಂಪ್ರದಾಯಿಕ ಕಿಲ್ಟಿಗೆ 8 ಗಜ ಬಟ್ಟೆ ಬೇಕು. ಸುಮಾರು 7.3 ಮೀಟರ್. ಸಾಮಾನ್ಯವಾಗಿ ದೊಡ್ಡ ಪನ್ನದ 4 ಗಜ ಉಣ್ಣೆ ಬಟ್ಟೆ ತಂದು ಅದನ್ನು ಉದ್ದಕ್ಕೆ ಎರಡು ಭಾಗ ಮಾಡುತ್ತಾರೆ. ಎರಡೂ ತುಂಡಿಗೆ ಒಂದೊಂದು ಮಗ್ಗದ ಅಂಚು ಸಿಗುತ್ತದೆ. ಅವುಗಳನ್ನು ಜೋಡಿಸಿದ ಹೊಲಿಗೆ ಒಂದು ನೆರಿಗೆಯ ಒಳಗೆ ಅಡಗಿ ಕೂರುತ್ತದೆ. ಮುಂಭಾಗ ಸಪಾಟು, ಒಂದರ ಮೇಲೊಂದು ಬರುವ ಎರಡು ಹಾಳೆಗಳ ಹಾಗೆ. ಉಳಿದ ಬಟ್ಟೆಯೆಲ್ಲ ಹಿಂದುಗಡೆ ನೆರಿಗೆಗಳಾಗಿ ಸೇರಿಕೊಳ್ಳುತ್ತದೆ.

ಕಷ್ಟ ಇರುವುದೇ ಈ ನೆರಿಗೆಯಲ್ಲಿ. ಒಂದು ಕಿಲ್ಟಿಗೆ ಇಪ್ಪತ್ತೈದು ಮೂವತ್ತು ನೆರಿಗೆ. ಸೀರೆಯ ನೆರಿಗೆಯನ್ನು ನಾವು ದಿನಾ ಬೆಳಿಗ್ಗೆ ಹೊಸದಾಗಿ ಹಿಡಿಯುತ್ತೇವೆ, ತಪ್ಪಿದರೆ ಬಿಚ್ಚಿ ಮತ್ತೆ ಹಿಡಿಯುತ್ತೇವೆ. ಕಿಲ್ಟಿನ ನೆರಿಗೆಯನ್ನು ಒಮ್ಮೆ ಹೊಲಿದರೆ ದಶಕಗಳ ಕಾಲ ಹಾಗೇ ಕೂತಿರಬೇಕು. ಸೊಂಟ ಸಣ್ಣ, ಅದರ ಕೆಳಗೆ ದೇಹ ಅಗಲ. ಹಾಗಾಗಿ ಪ್ರತಿ ನೆರಿಗೆಯೂ ಕೆಳಗಿನಿಂದ ಸೊಂಟದ ಕಡೆಗೆ ಹೋಗುತ್ತಾ ಕೂದಲೆಳೆಯಷ್ಟು ಕಿರಿದಾಗಬೇಕು. ಹೀಗೆ ಕಿರಿದಾಗುವಾಗ ಬಟ್ಟೆಯ ಅಡ್ಡಗೆರೆಗಳು ಒಂದು ನೆರಿಗೆಯಿಂದ ಇನ್ನೊಂದಕ್ಕೆ ಒಂದೇ ಮಟ್ಟದಲ್ಲಿ ಸಾಗಬೇಕು. ಒಂದು ಕಡೆ ಎರಡು ಎಳೆ ಜಾರಿದರೂ ಕಣ್ಣಿಗೆ ಹೊಡೆದು ಕಾಣುತ್ತದೆ.

ನೆರಿಗೆ ಹಾಕುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ನೆರಿಗೆ ಮಡಚಿದ ಮೇಲೂ ಹಿಂಭಾಗದಲ್ಲಿ ಇಡೀ ಚೌಕಳಿ ಮುರಿಯದೆ ಕಾಣುವ ಹಾಗೆ ಹೊಲಿಯುತ್ತಾರೆ. ದೂರದಿಂದ ನೋಡಿದರೆ ನೆರಿಗೆಯೇ ಇಲ್ಲವೇನೋ ಅನ್ನಿಸಬೇಕು. ಇನ್ನೊಂದರಲ್ಲಿ ಪ್ರತಿ ನೆರಿಗೆಯ ನಡುವೆ ಒಂದೇ ಗೆರೆ ಬರುವಂತೆ ಜೋಡಿಸುತ್ತಾರೆ. ಇದು ಸೈನ್ಯದ ಶೈಲಿ. ನಿಂತಾಗ ಹಿಂಭಾಗ ಒಂದು ಬಣ್ಣ. ನಡೆದಾಗ ನೆರಿಗೆ ಬಿಚ್ಚಿಕೊಂಡು ಒಳಗಿದ್ದ ಬಣ್ಣಗಳು ಮಿಂಚುತ್ತವೆ. ಸಾಲಾಗಿ ಹೆಜ್ಜೆ ಹಾಕುವ ಬ್ಯಾಗ್‌ಪೈಪ್ ತಂಡದ ಹಿಂದೆ ನಿಂತು ನೋಡಿದವರಿಗೆ ಇದರ ಚೆಂದ ಗೊತ್ತು.

ನೆರಿಗೆ ಹೊಲಿದು ಮುಗಿದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಒಳಗಡೆ ದಪ್ಪವಾಗಿ ಸೇರಿಕೊಂಡ ಬಟ್ಟೆಯನ್ನು ಮೇಲ್ಭಾಗದಲ್ಲಿ ಕತ್ತರಿಸಿ ತೆಗೆಯಬೇಕು. ನೆರಿಗೆಗಳ ಭಾರ ಹೊರುವುದಕ್ಕೆ ಹಿಂಬದಿಯಲ್ಲಿ ಇನ್ನೊಂದು ಸಾಲು ಹೊಲಿಗೆ ಬೇಕು. ಗಟ್ಟಿ ಕ್ಯಾನ್ವಾಸ್, ಅಸ್ತರು, ಸೊಂಟಪಟ್ಟಿ, ಚರ್ಮದ ಪಟ್ಟಿ, ಬಕಲ್ ಎಲ್ಲ ಕೂರಿಸಬೇಕು. ಕೊನೆಗೆ ಕಚ್ಚಾ ಹೊಲಿಗೆ ಹಾಕಿ ನೆರಿಗೆಗಳನ್ನು ಬಿಗಿಹಿಡಿದು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ. ಅನುಭವಸ್ಥರಿಗೂ ಇಪ್ಪತ್ತು ಗಂಟೆ ಹಿಡಿಯುವ ಕೆಲಸ. ಕಲಿಯುವವರಿಗೆ ಅದರ ಎರಡರಷ್ಟು ಬೇಕಾದರೆ ಆಶ್ಚರ್ಯವಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಇಡೀ ಸಮಸ್ಯೆಯ ಗಂಟು ಇಲ್ಲೇ ಇದೆ.

ಲೆಕ್ಕಕ್ಕೆ ಅಂತ ಒಂದು ಕಿಲ್ಟಿನ ಬೆಲೆ 600 ಪೌಂಡ್ ಅಂದುಕೊಳ್ಳಿ. ಅದರಲ್ಲಿ 20 ಶೇಕಡಾ ತೆರಿಗೆ ಸೇರಿದೆ. ತೆರಿಗೆ ಕಳೆದರೆ ಅಂಗಡಿಗೆ ಸಿಗುವುದು 500. ಬಟ್ಟೆಗೆ 160 ಹೋಯಿತು ಅಂತಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ 21 ವರ್ಷ ತುಂಬಿದವರಿಗೆ ಗಂಟೆಗೆ ಕನಿಷ್ಠ ಕೂಲಿ 12.21 ಪೌಂಡ್ ಇತ್ತು. ಆ ದರದಲ್ಲೇ ಲೆಕ್ಕ ಹಾಕೋಣ. ಇಪ್ಪತ್ತು ಗಂಟೆಗೆ 244 ಪೌಂಡ್ ಆಯಿತು. ಉಳಿಯುವುದು 96. ಅಂಗಡಿ ಬಾಡಿಗೆ, ವಿದ್ಯುತ್, ಬಕಲ್ಲು, ದಾರ, ಅಳತೆ ತೆಗೆಯುವವರ ಸಂಬಳ ಎಲ್ಲ ಅದರಲ್ಲೇ ಆಗಬೇಕು. ನೆನಪಿಡಿ, ಇದು ಕನಿಷ್ಠ ಕೂಲಿಯ ಲೆಕ್ಕ. ವರ್ಷಗಟ್ಟಲೆ ಕೈ ಪಳಗಿಸಿಕೊಂಡ ಕುಶಲಕರ್ಮಿಗೆ ಕೊಡಬೇಕಾದದ್ದು ಇದಲ್ಲ.

ಇನ್ನು ಹೊಸದಾಗಿ ಕಲಿಯುವ ಹುಡುಗಿಯೊಬ್ಬಳಿಗೆ ಅದೇ ಕಿಲ್ಟ್ ಹೊಲಿಯಲು ನಲವತ್ತು ಗಂಟೆ ಬೇಕಾಯಿತು ಅನ್ನಿ. ಅದೇ ದರದಲ್ಲಿ 488 ಪೌಂಡ್. ಬಟ್ಟೆ ತಂದ ದುಡ್ಡೂ ಹುಟ್ಟುವುದಿಲ್ಲ. ಕಲಿಕೆಯ ಮೊದಲ ವರ್ಷಕ್ಕೆ ಆಗ ಇದ್ದ ಕಡಿಮೆ ದರ, ಅಂದರೆ ಗಂಟೆಗೆ 7.55 ಪೌಂಡ್ ಕೊಟ್ಟರೂ 302 ಆಗುತ್ತದೆ. ಅದರ ಜೊತೆ ಪಕ್ಕದಲ್ಲಿ ಕೂತು ಹೇಳಿಕೊಡುವ ಹಿರಿಯರ ಸಮಯಕ್ಕೆ ಲೆಕ್ಕ ಇಟ್ಟವರು ಯಾರು? ಆ ಹೊತ್ತಿನಲ್ಲಿ ಅವರು ತಮ್ಮ ಕಿಲ್ಟ್ ಹೊಲಿಯುವ ಹಾಗಿಲ್ಲ. ಸಣ್ಣ ಅಂಗಡಿಯವರು ಶಿಷ್ಯರನ್ನು ತೆಗೆದುಕೊಳ್ಳಲು ಹಿಂದೇಟು ಹಾಕುವುದು ಮನಸ್ಸಿಲ್ಲದೆ ಅಲ್ಲ, ಕೈಯಲ್ಲಿ ಕಾಸಿಲ್ಲದೆ.

ಈ ಕಸುಬು ಬಹಳ ಕಾಲದಿಂದ ಮನೆಯಲ್ಲಿ ಕೂತು ಮಾಡುವ ಕೆಲಸವಾಗಿಯೂ ನಡೆದಿದೆ. ಕೋಟು ಹೊಲಿಯುವುದು ಟೈಲರ್ ಕೆಲಸ, ಕಿಲ್ಟ್ ಹೊಲಿಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಅಂಗಡಿಯವರು ಅಳತೆ ತೆಗೆದು ಬಟ್ಟೆ ಕಳಿಸುತ್ತಾರೆ, ಮನೆಯಲ್ಲಿ ಹೊಲಿದು ವಾಪಸ್ ಕೊಡುತ್ತಾರೆ. ಕೂಲಿ ಒಂದು ಕಿಲ್ಟಿಗೆ ಇಷ್ಟು ಅಂತ. ನಮ್ಮಲ್ಲಿ ಬೀಡಿ ಕಟ್ಟುವವರಿಗೂ ನೇಕಾರರಿಗೂ ಗೊತ್ತಿರುವ ವ್ಯವಸ್ಥೆ ಇದು. ಹೀಗೆ ದುಡಿಯುವವರು ನಿಜಕ್ಕೂ ಸ್ವಂತ ಉದ್ಯೋಗಿಗಳಾಗಿದ್ದರೆ ಬ್ರಿಟನ್ನಿನ ಕನಿಷ್ಠ ಕೂಲಿ ಕಾನೂನು ಅವರಿಗೆ ಅನ್ವಯಿಸುವುದಿಲ್ಲ. ಅಂದರೆ ಮೇಲೆ ಹಾಕಿದ ಲೆಕ್ಕದ 244 ಪೌಂಡ್ ಕೂಡ ಎಲ್ಲರಿಗೂ ಖಾತ್ರಿ ಇರುವ ಮೊತ್ತವಲ್ಲ. ಹೆಸರು ಅಂಗಡಿಯದು, ಬೆರಳು ಮನೆಯಲ್ಲಿ ಕೂತವರದು.

ಇದಕ್ಕೆ ಹೋಲಿಸಿದರೆ ಚೌಕಳಿಯ ಕಥೆಯೇ ಬೇರೆ. ಟಾರ್ಟನ್ ಅಂದರೆ ಆ ಚೌಕಳಿ ವಿನ್ಯಾಸ. ಅದಕ್ಕೆ ಸ್ಕಾಟ್ಲೆಂಡಿನ ಸಂಸತ್ತು 2008ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತು. 2009ರ ಫೆಬ್ರವರಿಯಲ್ಲಿ ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್ ಶುರುವಾಯಿತು. ಯಾರು ಬೇಕಾದರೂ, ಯಾವ ದೇಶದಿಂದ ಬೇಕಾದರೂ ಅರ್ಜಿ ಹಾಕಬಹುದು. ಶುರುವಾದಾಗ ಶುಲ್ಕ 70 ಪೌಂಡ್. ವಿನ್ಯಾಸ ಹೊಸದಾಗಿರಬೇಕು, ಯಾವ ಬಣ್ಣದ ಎಷ್ಟು ಎಳೆ ಅನ್ನುವ ಲೆಕ್ಕ ಕೊಡಬೇಕು. ಕಾಯ್ದೆಯ ಪ್ರಕಾರ ವಿನ್ಯಾಸ ನೇಯಲು ಸಾಧ್ಯವಾಗುವಂಥದ್ದಾಗಿರಬೇಕು. ನೇಯ್ದಿರಲೇಬೇಕು ಅಂತಿಲ್ಲ. ಒಂದು ಎಳೆ ನೂಲೂ ಮಗ್ಗಕ್ಕೆ ಏರದೆ ಟಾರ್ಟನ್ ಹುಟ್ಟಬಹುದು. ರಿಜಿಸ್ಟರ್‌ನಲ್ಲಿ ಈಗ ಸಾವಿರಾರು ವಿನ್ಯಾಸಗಳಿವೆ. ಕುಟುಂಬಗಳದ್ದು, ಊರುಗಳದ್ದು, ಕಂಪನಿಗಳದ್ದು, ಫುಟ್‌ಬಾಲ್ ಕ್ಲಬ್ಬುಗಳದ್ದು.

ಇದನ್ನು ಕೀಳಾಗಿ ಕಾಣುವ ಮಾತು ನನ್ನದಲ್ಲ. ಟಾರ್ಟನ್ ವಿನ್ಯಾಸ ನಿಜಕ್ಕೂ ಚೆಂದದ ವಿದ್ಯೆ. ಹಾಸಿನಲ್ಲಿ ಯಾವ ಕ್ರಮದಲ್ಲಿ ಬಣ್ಣದ ಎಳೆ ಇಡುತ್ತಾರೋ ಹೊಕ್ಕಿನಲ್ಲೂ ಸಾಮಾನ್ಯವಾಗಿ ಅದೇ ಕ್ರಮ. ಒಂದು ಬಣ್ಣ ತನ್ನನ್ನೇ ದಾಟಿದ ಕಡೆ ಅಪ್ಪಟ ಬಣ್ಣ, ಇನ್ನೊಂದನ್ನು ದಾಟಿದ ಕಡೆ ಎರಡೂ ಬೆರೆತ ಬಣ್ಣ. ಹಾಗಾಗಿ ಆರು ಬಣ್ಣದ ನೂಲು ಇಟ್ಟರೆ ಬಟ್ಟೆಯಲ್ಲಿ ಇಪ್ಪತ್ತೊಂದು ಛಾಯೆ ಮೂಡುತ್ತವೆ. ಬಣ್ಣ ಹೆಚ್ಚಿಸಿದಷ್ಟೂ ಬೆರಕೆ ಜಾಸ್ತಿಯಾಗಿ ಎಲ್ಲವೂ ಮಂಕಾಗುತ್ತದೆ. ಒಳ್ಳೆಯ ವಿನ್ಯಾಸಕಾರರು ಎಲ್ಲಿ ನಿಲ್ಲಿಸಬೇಕು ಅಂತ ಬಲ್ಲವರು.

ಒಂದು ಚೌಕಳಿ ಎಷ್ಟು ಹೇಳಬಲ್ಲದು ಅನ್ನುವುದಕ್ಕೆ 2025ರಲ್ಲಿ ಸುದ್ದಿಯಾದ 'ವಿಚಸ್ ಆಫ್ ಸ್ಕಾಟ್ಲೆಂಡ್' ಟಾರ್ಟನ್ ನೋಡಿ. ಸ್ಕಾಟ್ಲೆಂಡಿನಲ್ಲಿ 1563ರಿಂದ 1736ರವರೆಗೆ ಮಾಟಗಾತಿಯರ ವಿರುದ್ಧದ ಕಾನೂನು ಜಾರಿಯಲ್ಲಿತ್ತು. ಅದರಡಿ ಸುಮಾರು 2,500 ಜನರನ್ನು ಕೊಂದರು ಅನ್ನುವುದು ಇತಿಹಾಸಕಾರರ ಅಂದಾಜು. ಬಹುಪಾಲು ಹೆಂಗಸರು. ಅವರ ನೆನಪಿಗೆ ಮಾಡಿದ ಈ ಬಟ್ಟೆಯಲ್ಲಿ ಕಪ್ಪು ಮತ್ತು ಬೂದು ಬಣ್ಣ ಆ ಕರಾಳ ಕಾಲಕ್ಕೆ, ಸುಟ್ಟ ಬೂದಿಗೆ. ಕೆಂಪು ರಕ್ತಕ್ಕೆ. ಗುಲಾಬಿ ಬಣ್ಣ ಕೋರ್ಟಿನ ಕಾಗದಪತ್ರ ಕಟ್ಟುವ ದಾರಕ್ಕೆ. ಆ ದಾರ ಇವತ್ತಿಗೂ ಅದೇ ಬಣ್ಣದ್ದು. ಗೊತ್ತಾದ ಮೇಲೆ ಆ ಬಟ್ಟೆಯನ್ನು ಸುಮ್ನೆ ಚೌಕಳಿ ಅಂತ ನೋಡಲು ಆಗುವುದಿಲ್ಲ, ಅಲ್ವಾ?

ಆದರೆ ವಿನ್ಯಾಸವನ್ನೇ ನಂಬಿ ಬದುಕುವ ಕೆಲಸಗಳು ತೀರಾ ಕಮ್ಮಿ. ಇರುವುದು ಹೆಚ್ಚಾಗಿ ಗಿರಣಿಗಳಲ್ಲಿ ಮತ್ತು ದೊಡ್ಡ ಕಿಲ್ಟ್ ಅಂಗಡಿಗಳಲ್ಲಿ. ಸೆಲ್ಕರ್ಕ್ ಪಟ್ಟಣದ ಲಾಕ್‌ಕ್ಯಾರನ್, ಎಡಿನ್‌ಬರಾದ ಲೀತ್ ಬಂದರಿನ ಬಳಿ ಇರುವ, 1868ರಿಂದ ನಡೆದುಬಂದ ಕಿನ್‌ಲಾಕ್ ಆಂಡರ್ಸನ್, ಇಂಥ ಕಡೆ. ಅಲ್ಲಿ ಬೇಕಾಗುವುದು ಕಂಪ್ಯೂಟರ್ ಪರದೆಯ ಮೇಲೆ ಚೌಕಳಿ ಎಳೆಯುವ ಜಾಣ್ಮೆಯೊಂದೇ ಅಲ್ಲ. ಪರದೆಯ ಹಸಿರು ಬಣ್ಣ ಹಾಕಿದ ಉಣ್ಣೆಯಲ್ಲಿ ಹೇಗೆ ಕಾಣುತ್ತದೆ ಅಂತ ಗೊತ್ತಿರಬೇಕು. ಅದಕ್ಕಿಂತ ಮುಖ್ಯವಾಗಿ ನೆರಿಗೆ ಗೊತ್ತಿರಬೇಕು. ಯಾಕೆಂದರೆ ಒಂದು ನೆರಿಗೆಗೆ ಹೆಚ್ಚುಕಮ್ಮಿ ಒಂದು ಸುತ್ತು ವಿನ್ಯಾಸ, ಅಂದರೆ ಚೌಕಳಿ ಒಮ್ಮೆ ಪೂರ್ತಿ ಬಂದು ಮತ್ತೆ ಶುರುವಾಗುವಷ್ಟು ಬಟ್ಟೆ, ಹೋಗುತ್ತದೆ. ವಿನ್ಯಾಸದ ಸುತ್ತು ತೀರಾ ದೊಡ್ಡದಾದರೆ ನೆರಿಗೆಗಳ ಸಂಖ್ಯೆ ಕಮ್ಮಿಯಾಗಿ ಬಟ್ಟೆ ಒಳಗೆ ಗುಡ್ಡೆಯಾಗುತ್ತದೆ. ತೀರಾ ಸಣ್ಣದಾದರೆ ನೆರಿಗೆಗೆ ಆಳವೇ ಬರುವುದಿಲ್ಲ, ನಡೆದಾಗ ತೂಗುವುದಿಲ್ಲ. ಹೊಲಿಯುವವರ ಪಕ್ಕ ಕೂತು ಕಲಿತವರಿಗೆ ಮಾತ್ರ ಇದು ತಿಳಿಯುತ್ತದೆ. ಹೊಲಿಯುವವರೇ ಇಲ್ಲವಾದರೆ ವಿನ್ಯಾಸವೂ ಬಡವಾಗುತ್ತದೆ. ಕಾಯ್ದೆ ಈ ಎರಡನ್ನು ಬೇರ್ಪಡಿಸಿ ನೋಡಿದ್ದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಹಿಂದೆ ಈ ಕಸುಬು ಹೇಗೆ ಉಳಿಯಿತು ಅಂತ ನೋಡಿದರೆ ಮುಂದಿನ ದಾರಿ ಸ್ವಲ್ಪ ಕಾಣುತ್ತದೆ. 1746ರ ಏಪ್ರಿಲ್‌ನಲ್ಲಿ ಕಲೋಡನ್ ಯುದ್ಧದಲ್ಲಿ ಜಾಕೊಬೈಟ್ ಬಂಡಾಯಗಾರರು, ಅಂದರೆ ಪಟ್ಟ ಕಳೆದುಕೊಂಡ ಸ್ಟುವರ್ಟ್ ರಾಜಮನೆತನದ ಪರ ದಂಗೆಯೆದ್ದವರು, ಸೋತರು. ಆ ಮೇಲೆ ಹೈಲ್ಯಾಂಡ್ಸ್ ಎಂಬ ಬೆಟ್ಟಸೀಮೆಯ ಉಡುಪಿನ ಮೇಲೆ ಲಂಡನ್ ಸರ್ಕಾರ ನಿಷೇಧ ಹೇರಿತು. 1747ರ ಆಗಸ್ಟ್‌ನಿಂದ ಅಲ್ಲಿನ ಗಂಡಸರು ಕಿಲ್ಟ್ ಉಟ್ಟು ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲ ಸಿಕ್ಕರೆ ಏಳು ವರ್ಷ ಗಡಿಪಾರು. 1782ರವರೆಗೆ ಈ ಕಾನೂನು ಇತ್ತು. ವಿನಾಯಿತಿ ಇದ್ದದ್ದು ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ದಳಗಳಿಗೆ.

ಇಲ್ಲಿ ನಮ್ಮ ನೆಲದ ಎಳೆಯೊಂದು ಸೇರುತ್ತದೆ. 1777ರಲ್ಲಿ ಲಾರ್ಡ್ ಮಕ್ಲೌಡ್ ಎಂಬ ಬಿರುದಿದ್ದ ಜಾನ್ ಮೆಕೆಂಜಿ ಅಂಥ ಒಂದು ದಳ ಕಟ್ಟಿದ. ಸೈನ್ಯದ ಕಡು ಹಸಿರು-ನೀಲಿ ಚೌಕಳಿಗೆ ಕೆಂಪು ಮತ್ತು ಬಿಳಿ ಗೆರೆ ಸೇರಿಸಿದ್ದು ಅದರ ಟಾರ್ಟನ್. ಇವತ್ತು ಮೆಕೆಂಜಿ ಟಾರ್ಟನ್ ಅಂತ ಕರೆಯುವುದು ಅದನ್ನೇ. ಆ ದಳದ ಒಂದು ಭಾಗ 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೇನೆಗೆ ಸೋತಿತು. ಸೆರೆಸಿಕ್ಕವರನ್ನು ಶ್ರೀರಂಗಪಟ್ಟಣಕ್ಕೆ ತಂದರು. ಅವರಲ್ಲಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್ 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಅವನೇ. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿರುವ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೇವೆ. ಆ ಯುದ್ಧ ನಡೆದಾಗ, ಸೆರೆಸಿಕ್ಕ ಹೈಲ್ಯಾಂಡ್ ಸೈನಿಕರ ಊರುಗಳಲ್ಲಿ ಅವರ ಅಣ್ಣತಮ್ಮಂದಿರು ಕಿಲ್ಟ್ ಉಡುವುದು ಅಪರಾಧವಾಗಿತ್ತು.

ಸೈನ್ಯಕ್ಕೆ ಬಟ್ಟೆ ಬೇಕಿತ್ತು. ಹಾಗಾಗಿ ಮಗ್ಗ ನಿಲ್ಲಲಿಲ್ಲ. ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಮನೆತನದ ನೇಯ್ಗೆ ಸಂಸ್ಥೆ ಬೆಳೆದದ್ದು ಇಂಥ ಆರ್ಡರ್‌ಗಳಿಂದಲೇ. ಅವರ 1819ರ ಮಾದರಿ ಪುಸ್ತಕ ಇವತ್ತಿಗೂ ಟಾರ್ಟನ್ ಇತಿಹಾಸಕ್ಕೆ ದೊಡ್ಡ ಆಧಾರ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಸಾಹಿತಿ ಸರ್ ವಾಲ್ಟರ್ ಸ್ಕಾಟ್ ಇಡೀ ನಗರಕ್ಕೆ ಟಾರ್ಟನ್ ತೊಡಿಸಿದರು. ದೊರೆಯೂ ಕಿಲ್ಟ್ ಉಟ್ಟ.  ಬೇಡಿಕೆ ಎಷ್ಟು ಏರಿತೆಂದರೆ 1842ರಲ್ಲಿ ಇಬ್ಬರು ಸಹೋದರರು ಹಳೆಯ ಹಸ್ತಪ್ರತಿ ಸಿಕ್ಕಿದೆ ಅಂತ ಹೇಳಿ ಟಾರ್ಟನ್‌ಗಳ ಪುಸ್ತಕವೊಂದನ್ನು ಪ್ರಕಟಿಸಿದರು. ಅದು ಕಟ್ಟುಕಥೆ ಅಂತ ಆಮೇಲೆ ಗೊತ್ತಾಯಿತು. ಅದರೊಳಗಿನ ಹಲವು ವಿನ್ಯಾಸಗಳನ್ನು ಮನೆತನಗಳು ಇಂದಿಗೂ ತಮ್ಮದೆಂದು ಪ್ರೀತಿಯಿಂದ ಉಡುತ್ತವೆ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆರು ತಲೆಮಾರು ಉಟ್ಟ ಮೇಲೆ ಬಟ್ಟೆ ಉಟ್ಟವರದ್ದೇ.

ಈ ಇಡೀ ಇತಿಹಾಸದಲ್ಲಿ ನನಗೆ ಕಾಣುವುದು ಇಷ್ಟು: ಒಬ್ಬ ಖಾಯಂ ಗಿರಾಕಿ ಇದ್ದಾಗ ಕೈಗಳು ಉಳಿದಿವೆ. ಮೊದಲು ಸೈನ್ಯ, ಆಮೇಲೆ ಶ್ರೀಮಂತರು. ಈಗ ಯಾರು? ಮದುವೆಗೆ ಕಿಲ್ಟ್ ಬಾಡಿಗೆಗೆ ಕೊಡುವ ಅಂಗಡಿಗಳು ಮತ್ತು ಪ್ರವಾಸಿಗರು. ಬಾಡಿಗೆ ಅಂಗಡಿಗೆ ಬೇಕಾದದ್ದು ಹತ್ತಾರು ಜನರಿಗೆ ಹೊಂದುವ, ಅಗ್ಗದ, ಮೆಷಿನ್ ಹೊಲಿಗೆಯ ಕಿಲ್ಟ್. ಎಡಿನ್‌ಬರಾದ ರಾಯಲ್ ಮೈಲ್ ಬೀದಿಯಲ್ಲಿ ಪ್ರವಾಸಿ ಕೊಳ್ಳುವುದು ಅಕ್ರಿಲಿಕ್ ಬಟ್ಟೆಯ ಕಿಲ್ಟ್. ಪಾಕಿಸ್ತಾನದ ಸಿಯಾಲ್‌ಕೋಟ್ ನಗರದಲ್ಲಿ ಬ್ಯಾಗ್‌ಪೈಪ್ ಮತ್ತು ಕಿಲ್ಟ್ ತಯಾರಿಸುವ ದೊಡ್ಡ ಉದ್ಯಮವೇ ಇದೆ. ಅಲ್ಲಿ ಹೊಲಿಯುವವರನ್ನು ದೂರುವುದು ಅನ್ಯಾಯ. ಅವರದೂ ದುಡಿಮೆ. ತೊಂದರೆ ಇರುವುದು ಕೊಳ್ಳುವವರಿಗೆ ಎರಡರ ನಡುವಿನ ವ್ಯತ್ಯಾಸ ಹೇಳುವ ಗುರುತು ಇಲ್ಲದಿರುವುದರಲ್ಲಿ.

ಪಕ್ಕದಲ್ಲೇ ಒಂದು ಮಾದರಿ ಇದೆ. ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆ ಬಟ್ಟೆಗೆ 1993ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ಮಾಡಿತು. ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ, ದ್ವೀಪದವರು ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯ್ದರೆ ಮಾತ್ರ ಆ ಹೆಸರು. ಬಟ್ಟೆಯ ಮೇಲೆ ಮುದ್ರೆ ಬೀಳುತ್ತದೆ. ಎರಡು ಕಾಯ್ದೆ ಜೊತೆಗಿಟ್ಟು ನೋಡಿ. ಟ್ವೀಡ್ ಕಾಯ್ದೆ ಕೇಳುವುದು ಯಾರು, ಎಲ್ಲಿ, ಹೇಗೆ ಮಾಡಿದರು ಅಂತ. ಟಾರ್ಟನ್ ಕಾಯ್ದೆ ಕೇಳುವುದು ಚೌಕಳಿ ಹೇಗಿದೆ ಅಂತ ಮಾತ್ರ. ಮೊದಲನೆಯದು ನೇಕಾರರಿಗೆ ಕೂಲಿ ಕೇಳುವ ಬಲ ಕೊಟ್ಟಿತು. ಎರಡನೆಯದು ಕಿಲ್ಟ್ ಹೊಲಿಯುವವರಿಗೆ ಏನನ್ನೂ ಕೊಡಲಿಲ್ಲ. 'ಸ್ಕಾಟ್ಲೆಂಡಿನಲ್ಲಿ ಕೈಯಿಂದ ಹೊಲಿದದ್ದು' ಅನ್ನುವ ಮಾತಿಗೆ ಅಂಥದೇ ಕಾನೂನಿನ ಕಾವಲು ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಗ್ಗದ ಕಿಲ್ಟ್ ಬೇಕಾದವರು ಅಗ್ಗದ್ದನ್ನೇ ಕೊಳ್ಳಲಿ. ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿದ್ದು ಕೊಳ್ಳಲಿ.

ಕಲಿಸುವ ಪ್ರಯತ್ನ ನಡೆದಿಲ್ಲ ಅಂತಲ್ಲ. ಈಶಾನ್ಯದ ಕೀತ್ ಎಂಬ ಸಣ್ಣ ಪಟ್ಟಣದಲ್ಲಿ ಕಿಲ್ಟ್ ಹೊಲಿಗೆಗೆಂದೇ ಶಾಲೆ ನಡೆಸಿದ್ದಾರೆ. ಎಡಿನ್‌ಬರಾದಲ್ಲಿ ಕಿಲ್ಟ್ ಹೊಲಿಗೆ ಕಲಿಸುವ ಅಕಾಡೆಮಿ ಇದೆ. ಅಮೆರಿಕದ ಹ್ಯಾಮಿಲ್ಟನ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕಿ ಬಾರ್ಬರಾ ಟ್ಯೂಕ್ಸ್‌ಬರಿ, ವೃತ್ತಿಪರ ಕಿಲ್ಟ್ ಕುಶಲಕರ್ಮಿ ಎಲ್ಸಿ ಸ್ಟ್ಯೂಮೇಯರ್ ಜೊತೆ ಸೇರಿ 2001ರಲ್ಲಿ ಹೊಲಿಗೆಯ ಪ್ರತಿ ಹಂತವನ್ನೂ ಬಿಡಿಸಿ ಬರೆದ ಕೈಪಿಡಿ ತಂದರು. ಬೆರಳಿನಿಂದ ಬೆರಳಿಗೆ ದಾಟುತ್ತಿದ್ದ ವಿದ್ಯೆಯನ್ನು ಹೀಗೆ ಕಾಗದಕ್ಕಿಳಿಸಿದ್ದು ದೊಡ್ಡ ಉಪಕಾರ. ಆದರೆ ವಿದ್ಯೆ ಕಲಿತ ಮೇಲೆ ಅನ್ನ ಹುಟ್ಟಬೇಕಲ್ಲ? ಕೋರ್ಸ್ ಮುಗಿಸಿದ ಮೇಲಿನ ಎರಡು ಮೂರು ವರ್ಷವೇ ಕಷ್ಟದ ಕಾಲ. ಕೈ ನಿಧಾನ, ಕೂಲಿ ಕಿಲ್ಟಿನ ಲೆಕ್ಕದಲ್ಲಿ. ಬಹಳಷ್ಟು ಮಂದಿ ಅಲ್ಲೇ ಬಿಟ್ಟುಬಿಡುವ ಸಾಧ್ಯತೆ ಇದೆ. ಸರ್ಕಾರದ ದುಡ್ಡು ಹೋಗಬೇಕಾದದ್ದು ಈ ಅಂತರಕ್ಕೆ. ಶಿಷ್ಯರ ಕೂಲಿಯ ಒಂದು ಭಾಗ, ಕಲಿಸುವವರ ಗಂಟೆಗೆ ಒಂದು ಸಂಭಾವನೆ.

ಬ್ರಿಟನ್ 2024ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಒಪ್ಪಂದಕ್ಕೆ ಸೇರಿತು. ಒಳ್ಳೆಯ ಹೆಜ್ಜೆ. ಆದರೆ ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಆರ್ಡರ್ ಬೇಕು. ತಮ್ಮದೇ ಟಾರ್ಟನ್ ನೋಂದಾಯಿಸಿ ಹೆಮ್ಮೆಪಡುವ ಸಂಸ್ಥೆಗಳಿವೆ, ವಿಶ್ವವಿದ್ಯಾಲಯಗಳಿವೆ, ಬ್ಯಾಗ್‌ಪೈಪ್ ತಂಡಗಳಿವೆ. ವರ್ಷಕ್ಕೆ ಹತ್ತು ಕಿಲ್ಟನ್ನು ಕೈಹೊಲಿಗೆಯವರಿಂದಲೇ ಕೊಳ್ಳುತ್ತೇವೆ ಅಂತ ಅವುಗಳಲ್ಲಿ ಒಂದೊಂದೂ ನಿರ್ಧರಿಸಿದರೆ ಸಾಕು, ಒಬ್ಬೊಬ್ಬ ಶಿಷ್ಯೆಗೆ ಇನ್ನೂರರಿಂದ ನಾನೂರು ಗಂಟೆ ಕೆಲಸ ಖಾತ್ರಿಯಾಗುತ್ತದೆ.

ಕಿಲ್ಟಿನ ಇನ್ನೊಂದು ಗುಣ ಹೇಳಲೇಬೇಕು. ಅದರೊಳಗೆ ಅಷ್ಟು ಬಟ್ಟೆ ಅಡಗಿರುವುದರಿಂದ ಸೊಂಟ ದಪ್ಪವಾದರೆ ಬಕಲ್ ಸರಿಸಬಹುದು. ಇನ್ನೂ ಬೇಕಾದರೆ ನೆರಿಗೆ ಬಿಚ್ಚಿ ಅಗಲ ಮಾಡಿ ಮತ್ತೆ ಹೊಲಿಯಬಹುದು. ಅಜ್ಜನ ಕಿಲ್ಟು ಮೊಮ್ಮಗನ ಮದುವೆಗೆ ಬರುತ್ತದೆ. ಇಂಥ ಕಿಲ್ಟುಗಳು ಸ್ಕಾಟ್ಲೆಂಡಿನಲ್ಲಷ್ಟೇ ಅಲ್ಲ, ಕೆನಡಾ, ಅಮೆರಿಕ, ಆಸ್ಟ್ರೇಲಿಯಾದ ಮನೆಗಳ ಕಪಾಟುಗಳಲ್ಲೂ ಇವೆ. ಅವನ್ನು ಬಿಚ್ಚುವವರು ಮೊದಲು ಹೊಲಿದವರ ಲೆಕ್ಕ ಅರ್ಥಮಾಡಿಕೊಳ್ಳಬೇಕು. ಯಾವ ಗೆರೆಯಿಂದ ಶುರುಮಾಡಿದರು, ಎಲ್ಲಿ ಜೋಡಿಸಿದರು, ಸೊಂಟದ ಹತ್ತಿರ ಎಷ್ಟು ಎಳೆ ಬಿಟ್ಟರು ಅಂತ. ಒಂದು ತಪ್ಪು ಕತ್ತರಿ ಬಿದ್ದರೆ 8 ಗಜವೂ ಹಾಳು. ಆ ಕೆಲಸ ಗೊತ್ತಿರುವ ಹಿರಿಯರ ಪಕ್ಕದ ಕುರ್ಚಿಯಲ್ಲಿ ಈಗ ಯಾರಾದರೂ ಕೂತಿದ್ದಾರಾ ಅನ್ನುವುದರ ಮೇಲೆ ಆ ಕಪಾಟುಗಳ ಕಿಲ್ಟುಗಳ ಭವಿಷ್ಯ ನಿಂತಿದೆ.